ಕುತ್ತಿಗೆಯ ನೆಟಿಗೆ

ತಿಂಗಳಿಗೊಮ್ಮೆ ರವಿವಾರದ ಮುಂಜಾನೆ ಕ್ಷೌರಕ್ಕೆ ಹೋಗುವದು ನನ್ನ ನಾಲ್ವತ್ತು ವರುಷದ ವಾಡಿಕೆಯಾಗಿತ್ತು. ಧಾರವಾಡದಲ್ಲಿ ನಮ್ಮ ಓಣಿಯ ಮೂಲೆಗೆ ಎರಡೇ ಕುರ್ಚಿಗಳ ಒಂದು ಸಣ್ಣ ಅಂಗಡಿ. ಮೊದಲು ತಂದೆ, ಆತನ ತರುವಾಯ ಮಗ. ಕೂದಲು ಕತ್ತರಿಸಿ, ಗಡ್ಡ ಹೆರೆದು, ಅಂಗೈತುಂಬ ಎಣ್ಣೆ ಸುರುವಿಕೊಂಡು ನೆತ್ತಿಯನ್ನು ತಟ್ಟಿ ತಿಕ್ಕಿ, ಕೊನೆಗೆ ಒಂದು ಕೈಯನ್ನು ಗದ್ದದ ಕೆಳಗೆ, ಇನ್ನೊಂದನ್ನು ಹೆಡಕಿನ ಮೇಲೆ ಇಟ್ಟು, ನಾವು ಮೈಮರೆತಿರುವ ಗಳಿಗೆಯನ್ನು ಸಾಧಿಸಿ ಮುಖವನ್ನು ಒಮ್ಮೆಲೆ ಎಡಕ್ಕೆ ತಿರುವುವನು. ಕಟ್ ಎಂದು ನೆಟಿಗೆ ಮುರಿಯುವದು. ಮತ್ತೆ ಬಲಕ್ಕೆ, ಮತ್ತೊಂದು ನೆಟಿಗೆ. ಆಗ ತಲೆಯೊಳಗಿನ ಭಾರವೆಲ್ಲ ಇಳಿದಂತೆ ಆಗುತ್ತಿದ್ದ ಆ ಹಗುರನ್ನು ಬಲ್ಲವರೇ ಬಲ್ಲರು. ನೆಟಿಗೆಯಿಲ್ಲದ ಕ್ಷೌರವೆಂದರೆ ಮಜ್ಜಿಗೆಯಿಲ್ಲದ ಊಟವೆಂದು ನಾನು ಎಷ್ಟೋ ಸಲ ಹೇಳಿದ್ದುಂಟು.

2022ರ ದೀಪಾವಳಿಗೆ ಎಂಟು ದಿನ ಮುಂದಿನ ಒಂದು ರವಿವಾರದಿಂದ ಆ ಸುಖವನ್ನು ನಾನು ಬಿಟ್ಟಿದ್ದೇನೆ. ಏಕೆ ಬಿಟ್ಟೆನೆಂಬದನ್ನು ವಾಚಕರ ಮುಂದೆ ಇಡಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ನಾಚಿಕೆಯು ಅಡ್ಡ ಬರುತ್ತಿತ್ತು.

ನನ್ನ ಅಕ್ಕನ ಮಗನು ಹುಬ್ಬಳ್ಳಿಯಲ್ಲಿರುತ್ತಾನೆ. ಆಗ ಆತನಿಗೆ ನಾಲ್ವತ್ತೊಂದು ವರುಷ. ಎತ್ತರದ, ತೆಳುವಾದ ಆಳು. ಬೀಡಿ-ಸಿಗರೇಟುಗಳ ಚಟವಿಲ್ಲ, ಸಕ್ಕರೆರೋಗವಿಲ್ಲ, ಮೈಯಲ್ಲಿ ಬೊಜ್ಜಿಲ್ಲ. ತಾಯಿಯಿಂದ ಬಂದ ಅರೆದಲೆನೋವು ಒಂದೇ ಆತನ ಆಸ್ತಿ. ದಸರೆ ಮುಗಿದ ಮೇಲೆ ಆತನಿಗೆ ನೆಗಡಿ, ಜ್ವರ ಬಂದು ವಾರವೆಲ್ಲ ಎದೆ ಬಿರಿಯುವಂತೆ ಕೆಮ್ಮಿದನು. ಕೆಮ್ಮು ಪೂರಾ ಇಳಿಯುವ ಮೊದಲೇ ಹಬ್ಬ ಸಮೀಪಿಸಿತೆಂದು ಮನೆಗೆ ಸುಣ್ಣ-ಬಣ್ಣದ ಕೆಲಸಕ್ಕೆ ನಿಂತನು. ಕೂಲಿಯಾಳು ಸಿಕ್ಕದ್ದರಿಂದ ಏಣಿಯನ್ನೇರಿ, ಮುಖವನ್ನು ಆಕಾಶಕ್ಕೆ ಮಾಡಿ, ಅರ್ಧ ದಿನ ತಾನೇ ಮಾಳಿಗೆಯ ತಳಕ್ಕೆ ಬಣ್ಣ ಬಳಿದನಂತೆ. ಮರುದಿನ ಕುತ್ತಿಗೆಯ ಎಡಭಾಗ ನೋಯಲಾರಂಭಿಸಿತು.

ಶುಕ್ರವಾರ ಸಂಜೆ ಆತನು ನಮ್ಮಲ್ಲಿಗೆ ಬಂದಾಗ ಅಮೃತಾಂಜನದ ವಾಸನೆ ಆತನಿಗಿಂತ ಮೊದಲು ಒಳಗೆ ಬಂದಿತು.

"ಮಾಮಾ, ಎಡಗಡೆ ಕುತ್ತಿಗಿ ಹಿಡದದ. ಇದು ಯಾವಾಗಿನ ತಲಿನೋವು ಅಲ್ಲ. ಕಣ್ಣಿನ ಹಿಂದ ಯಾರೋ ಮೊಳಿ ಬಡದಂಗ ಆಗ್ತದ" ಎಂದನು.

ಚಹ ಕೊಡಲು ಬಂದ ನನ್ನ ಹೆಂಡತಿಯು ಆತನ ಮುಖವನ್ನು ಒಂದು ಗಳಿಗೆ ನೋಡಿ, "ಇವನ ಎಡಗಣ್ಣು ನೋಡ್ರಿ, ಸಣ್ಣದಾಗೇದಲ್ಲ?" ಎಂದಳು. ನಾನೂ ನೋಡಿದೆನು. ಮೇಲಿನ ರೆಪ್ಪೆಯು ಒಂದು ನೂಲಿನಷ್ಟು ಇಳಿದಿತ್ತು. "ನಿದ್ದಿಗೆಟ್ಟಾನ, ಅಷ್ಟ" ಎಂದು ನಾನು ತೀರ್ಪು ಕೊಟ್ಟೆನು. ನಲ್ವತ್ತು ವರುಷ ಹುಡುಗರಿಗೆ ಪಾಠ ಹೇಳಿದವನ ದನಿಯಲ್ಲಿ ಹೇಳಿದ ಮಾತನ್ನು ಮನೆಯಲ್ಲಿ ಯಾರೂ ಮೀರುವದಿಲ್ಲ. ಹಾಗೆಯೇ ಇನ್ನೊಂದು ಮಾತನ್ನೂ ಅದೇ ದನಿಯಲ್ಲಿ ಹೇಳಿದೆನು: "ರವಿವಾರ ನನ್ನ ಸಂಗಡ ಬಾ. ನಮ್ಮ ಓಣಿಯವನು ಎರಡು ನೆಟಿಗಿ ತಗದ್ರ ಎಲ್ಲಾ ಬಿಟ್ಟುಹೋಗ್ತದ."

ರವಿವಾರ ಆತನು ಬಂದನು. ಎರಡು ನೆಟಿಗೆಗಳಾದುವು. ಆತನು ಕುರ್ಚಿಯಿಂದೆದ್ದು ಕುತ್ತಿಗೆಯನ್ನು ಅತ್ತಿತ್ತ ಹೊರಳಿಸಿ, "ಹಗರಾತು ಮಾಮಾ" ಎಂದನು. ನಾನು ಹಣ ಕೊಟ್ಟೆನು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಹುಬ್ಬಳ್ಳಿಯಿಂದ ಆತನ ಹೆಂಡತಿಯ ಫೋನು ಬಂದಿತು. ಚಹದ ಕಪ್ಪು ಆತನ ಬಲಗೈಯಿಂದ ಜಾರಿ ಬಿದ್ದಿತಂತೆ. ಏನಾಯಿತೆಂದು ಕೇಳಿದರೆ ಬಾಯಿಂದ ಬಂದದ್ದು ಮಾತಲ್ಲ, ತೊದಲು. ಆ ಹೆಣ್ಣುಮಗಳ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನಗು ಎಂದಳಂತೆ, ಬಾಯಿ ಒಂದೇ ಕಡೆಗೆ ಹೋಯಿತು. ಎರಡೂ ಕೈ ಎತ್ತು ಎಂದಳಂತೆ. ಬಲಗೈ ಅರ್ಧಕ್ಕೆ ಬಂದು ಬಿದ್ದಿತು. ನೆರೆಯವರ ಸಲಹೆಗೆ ಕಾಯದೆ, ನಿಂಬೆಯ ಹಣ್ಣು ಮೂಸಿಸದೆ, ಬಾಯಲ್ಲಿ ನೀರು ಹಾಕದೆ, ನೇರವಾಗಿ 108ಕ್ಕೆ ಫೋನು ಮಾಡಿ, ಆಮೇಲೆ ನನಗೆ ಮಾಡಿದ್ದಳು. ಮುಕ್ಕಾಲು ತಾಸಿನೊಳಗೆ ಆತನು ದೊಡ್ಡ ಆಸ್ಪತ್ರೆಯಲ್ಲಿದ್ದನು.

ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರು. ಚಿಗರಿ ಬಸ್ಸು ತನ್ನ ಬೇರೆ ದಾರಿಯಲ್ಲಿ ಎಲ್ಲಿಯೂ ತಡೆಯಿಲ್ಲದೆ ಓಡುತ್ತದೆಂದು ಊರೆಲ್ಲ ಹೇಳುತ್ತದೆ. ಅಂದು ನನಗೆ ನವಲೂರು ದಾಟುವದರೊಳಗೆ ಒಂದು ದಿನ ಕಳೆದಂತಾಯಿತು. ನಾಲ್ವತ್ತೊಂದು ವರುಷದವನಿಗೆ ಲಕ್ವವೇ? ಲಕ್ವವೆಂದರೆ ಮುದುಕರ ರೋಗ, ರಕ್ತದ ಒತ್ತಡದವರ ರೋಗ. ಹೀಗೆ ಒಂದು ಮನಸ್ಸು ವಾದಿಸುತ್ತಿರುವಾಗ ಇನ್ನೊಂದು ಮನಸ್ಸಿನಲ್ಲಿ ನಿನ್ನೆಯ ಆ ಎರಡು ನೆಟಿಗೆಗಳು ಬಿಡದೆ ಸಪ್ಪಳ ಮಾಡುತ್ತಿದ್ದುವು.

ಆಸ್ಪತ್ರೆಯಲ್ಲಿ ಆತನ ಉಪಚಾರವನ್ನು ಕೈಕೊಂಡವರು ತರುಣ ವಯಸ್ಸಿನ ಒಬ್ಬ ಡಾಕ್ಟರಬಾಯಿಯವರು. ತಲೆಯ ಚಿತ್ರ ತೆಗೆದು ಮಿದುಳಿನಲ್ಲಿ ರಕ್ತಸ್ರಾವವಿಲ್ಲವೆಂದು ನಿಶ್ಚಯಿಸಿ, ಹೆಪ್ಪನ್ನು ಕರಗಿಸುವ ಸೂಜಿಮದ್ದನ್ನು ಆಗಲೇ ಕೊಟ್ಟಿದ್ದರು. ರೋಗ ಮುಟ್ಟಿದ ಗಳಿಗೆಯಿಂದ ನಾಲ್ಕೂವರೆ ತಾಸಿನ ಒಳಗೆ ಮಾತ್ರ ಈ ಮದ್ದು ಕೊಡಬರುವದೆಂದೂ, ಎಷ್ಟು ಬೇಗ ಕೊಟ್ಟರೆ ಅಷ್ಟು ಗುಣವೆಂದೂ ಹೇಳಿದರು. ಮಧ್ಯಾಹ್ನ ನನ್ನನ್ನು ಕರೆದು ಗಣಕದ ಪರದೆಯ ಮೇಲೆ ಇನ್ನೊಂದು ಚಿತ್ರವನ್ನು ತೋರಿಸಿದರು. ಕುತ್ತಿಗೆಯ ರಕ್ತನಾಳಗಳಲ್ಲಿ ಬಣ್ಣದ ಮದ್ದನ್ನು ಹರಿಯಿಸಿ ತೆಗೆದ ಚಿತ್ರವದು. ಬಲಗಡೆಯ ನಾಳವು ಒಂದೇ ದಪ್ಪವಾಗಿ ಮೇಲೆ ಏರಿದೆ. ಎಡಗಡೆಯದು ಸ್ವಲ್ಪ ದೂರ ದಪ್ಪವಾಗಿ ಏರಿ, ಆಮೇಲೆ ಕ್ರಮವಾಗಿ ಕಿರಿದಾಗುತ್ತ, ಹಣತೆಯ ಕುಡಿಯಂತೆ ಮೊನೆಯಾಗಿಬಿಟ್ಟಿದೆ. ವೈದ್ಯರೂ ಇದಕ್ಕೆ ಉರಿಯ ಕುಡಿಯ ಹೋಲಿಕೆಯನ್ನೇ ಕೊಡುವರಂತೆ. ಹೊರಗೆ ಬೀದಿಯಲ್ಲಿ ಹಣತೆ ಮಾರುವವರು ಕೂಗುತ್ತಿದ್ದರು.

"ನಾಳದ ಒಳಪದರ ಸೀಳಿದೆ" ಎಂದರು ಡಾಕ್ಟರಬಾಯಿಯವರು.

ಅವರು ತಿಳಿಸಿದ್ದನ್ನೂ, ತರುವಾಯ ನಾನು ಓದಿಕೊಂಡದ್ದನ್ನೂ ಕೂಡಿಸಿ ಹೇಳುತ್ತೇನೆ. ಹೃದಯದಿಂದ ಮಿದುಳಿಗೆ ನಾಲ್ಕು ಹೆದ್ದಾರಿಗಳು. ಗಂಟಲಿನ ಎರಡೂ ಮಗ್ಗುಲಿಗೆ, ಬೆರಳಿಟ್ಟರೆ ನಾಡಿ ಸಿಕ್ಕುವಲ್ಲಿ, ಕೆರಾಟಿಡ್ ಎಂಬ ದೊಡ್ಡ ಧಮನಿಗಳೆರಡು. ಹಿಂದೆ ಕುತ್ತಿಗೆಯ ಎಲುಬುಗಳ ರಂಧ್ರಗಳೊಳಗಿಂದ ಮಣಿಸರದ ದಾರದಂತೆ ಏರುವ ವರ್ಟಿಬ್ರಲ್ ಎಂಬ ಸಣ್ಣವೆರಡು. ಈ ಹಿಂದಿನವು ತಲೆಬುರುಡೆಯ ಕೆಳಗೆ ಮೊದಲನೆಯ ಎಲುಬನ್ನು ಸುತ್ತಿಕೊಂಡು ಒಳಹೋಗುವವು. ಮುಖವನ್ನು ತಿರುಗಿಸಿದಾಗಲೆಲ್ಲ ಅಲ್ಲಿ ಅವು ಜಗ್ಗಲ್ಪಡುವವು. ಧಮನಿಯ ಗೋಡೆಗೆ ಮೂರು ಪದರಗಳು. ಒಳಗಿನದು ಬಲು ನಯವಾದ ತೆಳು ಪದರ. ಹಳೆಯ ಕೋಟಿನ ತೋಳಿನಲ್ಲಿ ಕೈ ಹಾಕುವಾಗ ಅಸ್ತರು ಹರಿದಿದ್ದರೆ ಏನಾಗುವದೆಂಬದು ಎಲ್ಲರಿಗೂ ಅನುಭವವಿದೆ: ಕೈಯು ತೋಳಿನಲ್ಲಿ ಹೋಗದೆ ಅಸ್ತರಿಗೂ ಬಟ್ಟೆಗೂ ನಡುವೆ ನುಗ್ಗಿ, ಅಸ್ತರನ್ನು ಇನ್ನಷ್ಟು ಹರಿದು, ದಾರಿಯನ್ನೇ ಮುಚ್ಚಿಬಿಡುವದು. ಧಮನಿಯಲ್ಲಿ ರಕ್ತವು ಹೀಗೆಯೇ ಮಾಡುವದು. ಸೀಳಿನೊಳಗೆ ನುಗ್ಗಿದ ರಕ್ತದಿಂದ ಗೋಡೆಯು ಊದಿ ದಾರಿ ಕಿರಿದಾಗುವದು; ಸೀಳಿನ ಬಾಯಿಯಲ್ಲಿ ರಕ್ತ ಹೆಪ್ಪುಗಟ್ಟುವದು; ಆ ಹೆಪ್ಪಿನ ಒಂದು ಚೂರು ಹರಿವಿನಲ್ಲಿ ಮೇಲೆ ಹೋಗಿ ಮಿದುಳಿನ ಸಣ್ಣ ನಾಳಕ್ಕೆ ಬೂಚಿನಂತೆ ಕೂಡ್ರುವದು. ಇಷ್ಟಕ್ಕೇ ಅರ್ಧಾಂಗ. ಎಡಗಡೆಯ ಧಮನಿ ಕೆಟ್ಟರೆ ಬಲಗೈ ಬೀಳುವದು, ಮಾತು ಹೋಗುವದು.

ಇದು ಅಪರೂಪದ ರೋಗ. ಪಶ್ಚಿಮ ದೇಶಗಳ ಲೆಕ್ಕದಂತೆ ವರುಷಕ್ಕೆ ಲಕ್ಷ ಜನರಲ್ಲಿ ಎರಡು ಮೂರು ಮಂದಿಗೆ ಬರುವದು. 2011ರ ಜನಗಣತಿಯಲ್ಲಿ ನಮ್ಮ ಅವಳಿ ಊರಿನ ಜನ ಒಂಬತ್ತು ಲಕ್ಷ ನಾಲ್ವತ್ತು ಸಾವಿರದ ಮೇಲಿದ್ದರು. ಅದೇ ಲೆಕ್ಕ ಇಲ್ಲಿಗೂ ಹೊಂದುವದಾದರೆ ವರುಷಕ್ಕೆ ಇಪ್ಪತ್ತು-ಇಪ್ಪತ್ತೈದು ಮನೆಗಳಾದುವು. ಎಲ್ಲ ಲಕ್ವಗಳನ್ನು ಕೂಡಿಸಿದರೆ ಇದರ ಪಾಲು ನೂರಕ್ಕೆ ಎರಡು ಮಾತ್ರ. ಆದರೆ ಐವತ್ತರೊಳಗಿನವರಿಗೆ ಲಕ್ವ ಬಂದಾಗ ಹುಡುಕಬೇಕಾದ ಕಾರಣಗಳಲ್ಲಿ ಇದು ಮೊದಲಿನ ಸಾಲಿನದು. ನಾಲ್ವತ್ತೈದರ ಆಸುಪಾಸಿನ ವಯಸ್ಸೇ ಇದಕ್ಕೆ ಹೆಚ್ಚು ಪ್ರಿಯ.

ಡಾಕ್ಟರಬಾಯಿಯವರು ಒಂದೊಂದಾಗಿ ಕೇಳತೊಡಗಿದರು. ಬಿದ್ದಿದ್ದನೇ? ಬೈಕಿನ ಅಪಘಾತವೇ? ಭಾರ ಎತ್ತಿದ್ದನೇ? ಮನೆತನದಲ್ಲಿ ಯಾರಿಗಾದರೂ ಇಂಥದು? ಕೈಬೆರಳುಗಳ ಕೀಲುಗಳು ಹಿಂದಕ್ಕೆ ಬಾಗುತ್ತವೆಯೇ? ಅರೆದಲೆನೋವು? ಈಚೆಗೆ ಜ್ವರ? ನಾನು ಜ್ವರದ, ಕೆಮ್ಮಿನ, ಏಣಿಯ ಸುದ್ದಿಯನ್ನು ಹೇಳಿದೆನು. ಅವರು ಬರೆದುಕೊಂಡರು. "ಕುತ್ತಿಗೆ ಯಾರಾದರೂ ತಿರುವಿದ್ದರೇ?" ಎಂದು ಕೇಳಿದಾಗ ಮಾತ್ರ ನನ್ನ ಬಾಯಿ ಒಣಗಿತು. ಅಕ್ಕನು ಪಕ್ಕದಲ್ಲೇ ನಿಂತಿದ್ದಳು. "ತಿರುವಿದ್ದರು. ನಾನೇ ಕರೆದುಕೊಂಡು ಹೋಗಿದ್ದೆ" ಎಂದೆನು.

ಅಕ್ಕನಿಗೆ ಎಪ್ಪತ್ತೆರಡು ವರುಷ. ಅಳಲಿಲ್ಲ, ಬೈಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಹೋಗಿ ಹೊರಗಿನ ಬಾಕಿನ ಮೇಲೆ ಕುಳಿತಳು.

ಅಪರಾಧಿಯನ್ನು ಹಿಡಿದುಕೊಡಿರೆಂದು ನಾನು ಡಾಕ್ಟರಬಾಯಿಯವರನ್ನು ಎಷ್ಟು ಪೀಡಿಸಿದೆನೋ! ಫೌಜದಾರನ ಮುಂದೆ ನಿಂತಂತೆ ನಿಂತು, ನಾನೇ ತಪ್ಪಿತಸ್ಥನೆಂದು ಒಪ್ಪಿಸಲು ಹೊರಟಿದ್ದೆನು. ಅವರು ಒಪ್ಪಲಿಲ್ಲ. ಈ ಸೀಳಿಗೆ ಸಾಮಾನ್ಯವಾಗಿ ಒಂದೇ ಕಾರಣವಿರುವದಿಲ್ಲವಂತೆ. ಮೊದಲು ಗೋಡೆಯಲ್ಲಿ ಹುಟ್ಟಿನಿಂದ ಬಂದ ಏನೋ ಒಂದು ಬಡತನ. ಅದರ ಮೇಲೆ ಒಂದು ಸಣ್ಣ ಧಕ್ಕೆ. ಕೆಲವು ಮನೆತನಗಳಲ್ಲಿ ಮೈಯ ಹುರಿಗಳನ್ನು ಕಟ್ಟುವ ಧಾತುವೇ ಸಡಿಲವಾಗಿರುವ ರೋಗಗಳುಂಟು: ಎಹ್ಲರ್ಸ್-ಡಾನ್ಲೋಸ್, ಮಾರ್ಫಾನ್ ಎಂದು ಅವುಗಳ ಹೆಸರು. ಹೆಂಗಸರಲ್ಲಿ ಹೆಚ್ಚಾಗಿ ಕಾಣುವ, ಧಮನಿಯ ಗೋಡೆಯು ಗಂಟುಗಂಟಾಗಿ ಬೆಳೆಯುವ ಇನ್ನೊಂದು ರೋಗವುಂಟು. ಹೆಸರಿಲ್ಲದ, ಪರೀಕ್ಷೆಗೆ ಸಿಕ್ಕದ ಬಡತನವು ಇವೆಲ್ಲಕ್ಕಿಂತ ಹೆಚ್ಚು. ಅರೆದಲೆನೋವಿನವರಿಗೆ ಈ ಸೀಳು ಉಳಿದವರಿಗಿಂತ ಹೆಚ್ಚು ಬರುತ್ತದೆ. ಜ್ವರ-ನೆಗಡಿಗಳಾದ ವಾರದೊಳಗೆ ಬರುವದೂ ಹೆಚ್ಚು. ಸೋಂಕಿನ ಕಾವಿಗೆ ಗೋಡೆ ಮೆತ್ತಗಾಗುವದೆಂದು ಊಹೆ. ರಕ್ತದ ಒತ್ತಡವೂ ತನ್ನ ಕೈ ಕೂಡಿಸುವದು. ಆಶ್ಚರ್ಯವೆಂದರೆ ಉಳಿದ ಲಕ್ವಗಳಲ್ಲಿ ಮುಖ್ಯ ಕಳ್ಳನಾದ ಬೊಜ್ಜು ಇಲ್ಲಿ ಕಾಣಸಿಗುವದೇ ಕಡಿಮೆ. ನಮ್ಮ ಹುಡುಗನಂಥ ಎತ್ತರದ, ತೆಳ್ಳನೆಯ ಆಳುಗಳೇ ಹೆಚ್ಚಾಗಿ ಸಿಕ್ಕುವರು.

ಇನ್ನು ಧಕ್ಕೆ. ಯುರೋಪಿನ ಒಂದು ದೊಡ್ಡ ಸಮೀಕ್ಷೆಯಲ್ಲಿ ಈ ರೋಗಿಗಳಲ್ಲಿ ನೂರಕ್ಕೆ ಸುಮಾರು 40 ಜನ ಹಿಂದಿನ ಒಂದು ತಿಂಗಳೊಳಗೆ ಕುತ್ತಿಗೆಗೆ ಏನಾದರೊಂದು ಆದದ್ದನ್ನು ಹೇಳಿದರು. ಅದೂ ಬಹುಮಟ್ಟಿಗೆ ಆಸ್ಪತ್ರೆಗೆ ಹೋಗುವಷ್ಟು ದೊಡ್ಡದಲ್ಲ. ಜೋರಾದ ಕೆಮ್ಮು, ಸೀನು, ವಾಂತಿ, ಭಾರವಾದದ್ದನ್ನು ಎತ್ತಿದ್ದು, ಬಹಳ ಹೊತ್ತು ತಲೆ ಹಿಂದಕ್ಕೆ ಚೆಲ್ಲಿ ಕೆಲಸ ಮಾಡಿದ್ದು, ವಾಹನವು ಗಕ್ಕನೆ ನಿಂತು ಕುತ್ತಿಗೆ ಝಾಡಿಸಿದ್ದು, ಕುತ್ತಿಗೆಯನ್ನು ತಿರುವಿದ್ದು. ಉಳಿದ ಅರವತ್ತು ಮಂದಿಗೆ ಅಷ್ಟೂ ನೆನಪಿಲ್ಲ. ನಮ್ಮ ಹುಡುಗನ ಪಟ್ಟಿಯಲ್ಲಿ ಕೆಮ್ಮು ಇತ್ತು, ಜ್ವರವಿತ್ತು, ಅರೆದಲೆನೋವಿತ್ತು, ಏಣಿಯಿತ್ತು, ನೆಟಿಗೆಯೂ ಇತ್ತು. ಯಾವುದನ್ನು ಹಿಡಿಯುವದು?

ಆಗ ಡಾಕ್ಟರಬಾಯಿಯವರು ನಾನು ಮರೆತಿದ್ದ ಒಂದು ಸಾಕ್ಷಿಯನ್ನು ಕರೆದರು. "ಎಡಗಣ್ಣಿನ ರೆಪ್ಪೆ ಯಾವಾಗಿನಿಂದ ಹೀಗಿದೆ?" ಎಂದು ಕೇಳಿದರು. ಶುಕ್ರವಾರದಿಂದ ಎಂದೆನು. ಕೆರಾಟಿಡ್ ಧಮನಿಯ ಗೋಡೆಯನ್ನು ಅಪ್ಪಿಕೊಂಡು ಒಂದು ನರತಂತು ಕಣ್ಣಿನ ಕಡೆಗೆ ಏರುವದು. ರೆಪ್ಪೆಯನ್ನು ಎತ್ತಿ ಹಿಡಿಯುವದಕ್ಕೂ, ಪಾಪೆಯನ್ನು ಅಗಲಿಸುವದಕ್ಕೂ ಅದರ ನೆರವು ಬೇಕು. ಗೋಡೆಯು ಊದಿದಾಗ ಆ ತಂತು ಜಗ್ಗಲ್ಪಟ್ಟು ರೆಪ್ಪೆಯು ನೂಲಿನಷ್ಟು ಇಳಿಯುವದು, ಪಾಪೆ ಸಣ್ಣದಾಗುವದು. ಎಂದರೆ ಶುಕ್ರವಾರ ಸಂಜೆ ನನ್ನ ಹೆಂಡತಿಯು ಚಹ ಕೊಡುವಾಗ ಕಂಡದ್ದು ನಿದ್ದೆಗೇಡಲ್ಲ. ಧಮನಿಯು ಆಗಲೇ ಸೀಳಿತ್ತು. ಕುತ್ತಿಗೆಯ ಆ ನೋವು ಉಳುಕಿನದಲ್ಲ, ಹರಿದ ಗೋಡೆಯ ನೋವು. ನೆಟಿಗೆಗೆ ಹೋದದ್ದು ಎರಡು ದಿನಗಳ ತರುವಾಯ.

"ಹಾಗಾದರೆ ನೆಟಿಗೆಯ ತಪ್ಪಿಲ್ಲವೇ?" ಎಂದು ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೀಳಿದ್ದು ಅದಲ್ಲ. ಆದರೆ ಸೀಳಿದ ನಾಳವನ್ನು ತಿರುವಿದಾಗ ಹೆಪ್ಪು ಕಳಚಿತೋ, ತಾನೇ ಕಳಚುವದಿತ್ತೋ, ಅದನ್ನು ನಾನು ಹೇಳಲಾರೆ. ಯಾರೂ ಹೇಳಲಾರರು" ಎಂದರು.

ಈ ತೊಡಕು ನನ್ನೊಬ್ಬನದೇ ಅಲ್ಲವೆಂಬದು ಆಮೇಲೆ ತಿಳಿಯಿತು. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಮಿದುಳಿನ ಹಿಂಭಾಗದ ಲಕ್ವದ 818 ರೋಗಿಗಳ ದಾಖಲೆಗಳನ್ನು ಶೋಧಿಸಿ 2008ರಲ್ಲಿ ಪ್ರಕಟಿಸಿದರು. ಲಕ್ವಕ್ಕೆ ಮುಂಚಿನ ದಿನಗಳಲ್ಲಿ ಕುತ್ತಿಗೆ ತಿರುವುವ ಚಿಕಿತ್ಸಕರ ಬಳಿಗೆ ಹೋದವರು ಉಳಿದ ಜನರಿಗಿಂತ ಹೆಚ್ಚಾಗಿದ್ದದ್ದು ನಿಜ. ಆದರೆ ಬರಿ ಗುಳಿಗೆ ಬರೆದುಕೊಡುವ ಸಾಮಾನ್ಯ ಡಾಕ್ಟರರ ಬಳಿಗೆ ಹೋದವರೂ ಅಷ್ಟೇ ಹೆಚ್ಚಾಗಿದ್ದರು. ನೋವೇ ಅವರನ್ನು ಅಲ್ಲಿಗೂ ಇಲ್ಲಿಗೂ ಅಟ್ಟಿತ್ತು, ನೋವೇ ಸೀಳಿನದಾಗಿತ್ತು ಎಂದು ಆ ಶೋಧಕರು ಅರ್ಥ ಮಾಡಿದರು. ಎಲ್ಲರೂ ಇದನ್ನು ಒಪ್ಪಿಲ್ಲ. ತಿರುವಿದ ಕೂಡಲೆ, ಕುರ್ಚಿಯ ಮೇಲೆಯೇ ನೋವು ಹತ್ತಿ, ಗಳಿಗೆಗಳಲ್ಲಿ ಮಾತು ಹೋದ ರೋಗಿಗಳೂ ವೈದ್ಯರ ದಫ್ತರಗಳಲ್ಲಿದ್ದಾರೆ. ಅಮೇರಿಕೆಯ ಹೃದ್ರೋಗ ಸಂಘದವರು 2014ರಲ್ಲಿ ಎರಡು ಕಡೆಯ ಪುರಾವೆಗಳನ್ನೂ ತೂಗಿ, ಸಂಬಂಧವಿರುವದು ಕಾಣುತ್ತದೆ, ಕಾರಣವೆಂದು ಸಿದ್ಧವಾಗಿಲ್ಲ, ಆದರೂ ತಿರುವುವ ಮೊದಲು ರೋಗಿಗೆ ಈ ವಿಷಯ ತಿಳಿಸಿರಿ ಎಂದರು. ಮುದುಕನಾದ ನನಗೆ ಈ ಮಾತಿನಿಂದ ಸಮಾಧಾನವೂ ಆಗಲಿಲ್ಲ, ಶಿಕ್ಷೆಯೂ ಆಗಲಿಲ್ಲ.

ಒಂದು ಜಾತಿಯ ಧಕ್ಕೆಯಲ್ಲಿ ಮಾತ್ರ ಸಂಶಯಕ್ಕೆ ಎಡೆಯಿಲ್ಲ. ಹುಬ್ಬಳ್ಳಿಯ ಕ್ರಿಕೆಟ್ ಹುಚ್ಚಿನ ಹುಡುಗರಿಗೆ ಫಿಲಿಪ್ ಹ್ಯೂಸನ ಹೆಸರು ಗೊತ್ತಿದೆ. 2014ರ ನವೆಂಬರ 25ರಂದು ಸಿಡ್ನಿಯಲ್ಲಿ ಆತನು ಪುಟಿದೇಳುವ ಚೆಂಡನ್ನು ಹೊಡೆಯಹೋಗಿ ತಪ್ಪಿದಾಗ ಅದು ಶಿರಸ್ತ್ರಾಣದ ಕೆಳಗೆ, ಕುತ್ತಿಗೆಯ ಎಡಭಾಗಕ್ಕೆ ಬಡಿಯಿತು. ಹಿಂದಿನ ಧಮನಿಯು ಸೀಳಿ ಮಿದುಳಿನ ಸುತ್ತ ರಕ್ತ ಸೋರಿತು. ಎರಡು ದಿನಗಳ ಮೇಲೆ, ಇಪ್ಪತ್ತಾರು ತುಂಬಲು ಮೂರು ದಿನ ಉಳಿದಿರುವಾಗ, ಆತನು ತೀರಿಕೊಂಡನು. ಈಗ ಆಟಗಾರರ ಶಿರಸ್ತ್ರಾಣದ ಹಿಂದೆ ಕುತ್ತಿಗೆಯನ್ನು ಮುಚ್ಚುವ ತುಂಡೊಂದು ಇಳಿಬಿದ್ದಿರುವದನ್ನು ಕಂಡಾಗ ನನಗೆ ಆ ಹುಡುಗನ ನೆನಪಾಗುತ್ತದೆ.

ನಮ್ಮ ಹುಡುಗನು ಬದುಕಿದನು. ಐದನೆಯ ದಿನ ನನ್ನನ್ನು ನೋಡಿ "ಮಾಮಾ" ಎಂದನು. ಮುಂದೆ ಎಷ್ಟೋ ದಿನ ನೀರು ಬೇಕಾದಾಗ ಬಾಗಿಲು ಎನ್ನುವನು, ಬಾಗಿಲನ್ನು ತೋರಿಸಿದರೆ ಸಿಟ್ಟಿಗೇಳುವನು. ರಕ್ತವು ಹೆಪ್ಪುಗಟ್ಟದಂತೆ ಗುಳಿಗೆಗಳನ್ನು ಕೊಟ್ಟರು. ಇಂಥ ರೋಗಿಗಳಿಗೆ ಎರಡು ಜಾತಿಯ ಮದ್ದುಗಳಲ್ಲಿ ಯಾವುದು ಮೇಲೆಂದು ಬ್ರಿಟನ್ ಮತ್ತು ಆಸ್ಟ್ರೇಲಿಯಗಳಲ್ಲಿ 250 ಜನರ ಮೇಲೆ ನೋಡಿ, 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಕಾಣಲಿಲ್ಲವಂತೆ; ಎರಡರಲ್ಲಿಯೂ ಮತ್ತೆ ಲಕ್ವವಾದವರು ಬಹು ಸ್ವಲ್ಪ. ಹರಿದ ಗೋಡೆಯು ಬಹುಜನರಲ್ಲಿ ಕೆಲವು ತಿಂಗಳುಗಳಲ್ಲಿ ತಾನೇ ಹೊಂದಿಕೊಳ್ಳುವದು. ನಾಲ್ಕನೆಯ ತಿಂಗಳ ಚಿತ್ರದಲ್ಲಿ ಎಡಗಡೆಯ ನಾಳವೂ ಬಲಗಡೆಯದರಂತೆ ಮೇಲಕ್ಕೆ ಏರಿತ್ತು. ಬಲಗೈಯ ಎರಡು ಬೆರಳುಗಳಲ್ಲಿ ಜೋಮು ಉಳಿಯಿತು. ಸಹಿಯು ಬದಲಾಯಿತು.

ಆ ದೀಪಾವಳಿಯು ಆಸ್ಪತ್ರೆಯ ಪಡಸಾಲೆಯಲ್ಲಿ ಹೋಯಿತು. ನಾನು ನಾಲ್ಕು ವರುಷದವನಿದ್ದಾಗಿನಿಂದ ಅಕ್ಕನ ತದಿಗೆಯ ದಿವಸ ಅಕ್ಕನು ನನಗೆ ಆರತಿ ಮಾಡದೆ ಬಿಟ್ಟದ್ದಿಲ್ಲ. ಆ ವರುಷ ಮಾಡಲಿಲ್ಲ. ರೆಪ್ಪೆಯ ಸಾಕ್ಷಿಯನ್ನು ನಾನು ಎರಡು ಸಲ ಬಿಡಿಸಿ ಹೇಳಿದೆನು. ಆಕೆ ಕೇಳಿಕೊಂಡು, "ಇರಲಿ ಬಿಡು" ಎಂದಳು. ಮರುವರುಷ ಕರೆ ಬಂದಿತು. ಆರತಿಯ ಕಾಲಕ್ಕೆ ಆಕೆಯ ಕೈ ನಡುಗುತ್ತಿತ್ತು, ವಯಸ್ಸಿನಿಂದಲೇ ಇರಬೇಕು.

ಈ ವರೆಗೆ ಹೇಳಿದ್ದು ಮನೆಯ ಸುದ್ದಿ. ನಾಚಿಕೆಯ ಸುದ್ದಿ ಇನ್ನು ಮುಂದಿದೆ. ಆಸ್ಪತ್ರೆಯಿಂದ ಮರಳಿದ ಮೇಲೆ ನಾನು ಓಣಿಯ ಮೂಲೆಯ ಅಂಗಡಿಗೆ ಹೋಗುವದನ್ನು ಬಿಟ್ಟೆನು. ಪೇಟೆಗೆ ಹೋಗುವದಿದ್ದರೆ ಹಿಂದಿನ ಸಂದಿಯಿಂದ ಸುತ್ತಿಕೊಂಡು ಹೋಗುವೆನು. ಅವನಿಗೆ ಏನೆಂದು ಹೇಳುವದು? ನಿನ್ನ ಕೈಯಿಂದ ನಮ್ಮ ಹುಡುಗ ಬಿದ್ದನೆಂದರೆ ಅದು ಪೂರ್ತಿ ನಿಜವಲ್ಲ. ನಿನ್ನ ಕೈಗೆ ಸಂಬಂಧವಿಲ್ಲವೆಂದರೆ ಅದೂ ನಿಜವಲ್ಲ. ಅರ್ಧ ನಿಜವನ್ನು ಹೇಳುವದಕ್ಕಿಂತ ಸುಮ್ಮನಿರುವದೇ ಸುಲಭವೆಂದು ಬಗೆದು ಎರಡು ವರುಷ ಸುಮ್ಮನಿದ್ದೆನು. ಆ ಎರಡು ವರುಷ ಆ ಅಂಗಡಿಯಲ್ಲಿ ದಿನಾಲು ನೆಟಿಗೆಗಳು ಮುರಿಯುತ್ತಲೇ ಇದ್ದುವು. ಎಷ್ಟು ಕುತ್ತಿಗೆಗಳೋ! ಅವುಗಳಲ್ಲಿ ನೋಯುತ್ತಿರುವ ಕುತ್ತಿಗೆಗಳೆಷ್ಟೋ! ಗರಡಿಯಲ್ಲಿ ಸಾಮು ಮಾಡಿದ ನನ್ನ ಗೆಳೆಯರೊಬ್ಬರು, "ನಾವು ಕುಸ್ತಿಯೊಳಗ ಕುತ್ತಿಗಿ ಹಿಂಡಿಕೋತ ಬೆಳದವರು, ನಮಗೇನಾತು?" ಎಂದು ನಗುವರು. ನನಗಾದರೂ ಏನಾಗಿತ್ತು? ತಿಂಗಳಿಗೊಂದರಂತೆ ನಾಲ್ವತ್ತು ವರುಷಕ್ಕೆ 480 ಸಲ. ಗಟ್ಟಿ ಗೋಡೆಯವರಿಗೆ ಏನೂ ಆಗುವದಿಲ್ಲ. ಯಾರ ಗೋಡೆ ಗಟ್ಟಿಯೆಂಬದು ಹೊರಗಿನಿಂದ ಕಾಣುವದಿಲ್ಲ.

2024ರ ಸಪ್ಟೆಂಬರದಲ್ಲಿ ಒಂದು ಸಂಜೆ ಅವನೇ ನಮ್ಮ ಮನೆಯ ಕಟ್ಟೆಯ ಮುಂದೆ ಬಂದು ನಿಂತನು. ಕೈಯಲ್ಲಿ ಮಡಚಿದ ವೃತ್ತಪತ್ರಿಕೆ. ಬಳ್ಳಾರಿಯ ಮೂವತ್ತು ವರುಷದ ಒಬ್ಬ ತರುಣನಿಗೆ ಕ್ಷೌರದಂಗಡಿಯಲ್ಲಿ ಬಿಟ್ಟಿಯಾಗಿ ತಲೆ ತಿಕ್ಕಿ, ಕೊನೆಗೆ ಕುತ್ತಿಗೆಯನ್ನು ತಿರುವಿದರಂತೆ. ಆಗಲೇ ನೋವು ಹತ್ತಿದರೂ ಅವನು ಲಕ್ಷಿಸದೆ ಮನೆಗೆ ಹೋದನು. ಕೆಲವು ತಾಸುಗಳಲ್ಲಿ ಮಾತು ಹೋಗಿ ಎಡಭಾಗ ಬಲಗುಂದಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆರಾಟಿಡ್ ಧಮನಿಯ ಸೀಳು ಕಂಡುಬಂದಿತು. ಈ ಸುದ್ದಿ ಆಗ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದದ್ದು ವಾಚಕರಿಗೆ ನೆನಪಿರಬಹುದು.

"ಸರ್, ನೀವು ನಮ್ಮ ಅಂಗಡಿ ಬಿಟ್ಟಿದ್ದು ಇದಕ್ಕೇನ್ರಿ?" ಎಂದು ಕೇಳಿದನು.

ನಾನು ಅವನನ್ನು ಒಳಗೆ ಕರೆದು ಕೂಡ್ರಿಸಿ ಎಲ್ಲವನ್ನೂ ಹೇಳಿದೆನು. ಏಣಿಯನ್ನು, ಕೆಮ್ಮನ್ನು, ರೆಪ್ಪೆಯನ್ನು, ಯಾರೂ ಹೇಳಲಾರರೆಂದ ಡಾಕ್ಟರಬಾಯಿಯವರ ಮಾತನ್ನು. ಇಂಥದು ಅವನ ಅಂಗಡಿಗಷ್ಟೇ ಅಂಟಿದ್ದಲ್ಲವೆಂಬದಕ್ಕೆ, 1993ರಲ್ಲಿ ಅಮೇರಿಕೆಯ ವೈದ್ಯರೊಬ್ಬರು ಬರೆದ ಐವರು ಹೆಂಗಸರ ಸುದ್ದಿಯನ್ನೂ ಹೇಳಿದೆನು: ಅಲಂಕಾರದಂಗಡಿಯ ತೊಟ್ಟಿಯ ಅಂಚಿಗೆ ಕುತ್ತಿಗೆಯಿಟ್ಟು, ತಲೆ ಹಿಂದಕ್ಕೆ ಚೆಲ್ಲಿ ಕೂದಲು ತೊಳೆಸಿಕೊಳ್ಳುವಾಗ ಅವರಿಗೆ ಮಿದುಳಿನ ತೊಂದರೆ ಕಾಣಿಸಿತ್ತು. 2022ರಲ್ಲಿ ಹೈದರಾಬಾದಿನ ಐವತ್ತು ವರುಷದ ಹೆಣ್ಣುಮಗಳೊಬ್ಬಳಿಗೂ ಹಾಗೆಯೇ ಆಗಿತ್ತು. ಅವನು ಎಲ್ಲವನ್ನೂ ಕೇಳಿ ಬಹಳ ಹೊತ್ತು ತನ್ನ ಎರಡೂ ಅಂಗೈಗಳನ್ನು ನೋಡುತ್ತ ಕುಳಿತನು.

"ನಮ್ಮ ಅಪ್ಪ ಕಲಿಸಿದ್ದರ್ರಿ ಅದು. ಎರಡ ವರಸ ಯಾಕ ಹೇಳಲಿಲ್ರಿ ಸರ್?" ಎಂದನು.

ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಅಂದಿನಿಂದ ಅವನು ನೆಟಿಗೆ ತೆಗೆಯುವದಿಲ್ಲ. ಹಳೆಯ ಗಿರಾಕಿಗಳು ಗೊಣಗುವರು. ಇಬ್ಬರು ಮೂವರು ಬೇರೆ ಅಂಗಡಿಗೆ ಹೋದರು. ಎಣ್ಣೆ ಹಾಕಿ ನೆತ್ತಿ ತಟ್ಟುವದರಲ್ಲಿ ಮೊದಲಿಗಿಂತ ಎರಡು ನಿಮಿಷ ಹೆಚ್ಚು ತೆಗೆದುಕೊಳ್ಳುವನು. ಕುತ್ತಿಗೆ ಹಿಡಿದಿದೆಯೆಂದು ಯಾರಾದರೂ ಬಂದರೆ, ನೋವು ಒಂದೇ ಮಗ್ಗುಲಿಗೇನು, ಹೊಸದೇನು, ಮೊದಲು ಎಂದೂ ಬಾರದಂಥದೇನು, ಅದರ ಸಂಗಡ ತಲೆನೋವುಂಟೇನು, ಕಿವಿಯಲ್ಲಿ ನಾಡಿ ಬಡಿದಂತೆ ಕೇಳುತ್ತದೆಯೇನು, ತಲೆ ತಿರುಗುತ್ತದೆಯೇನು ಎಂದು ನಾನು ಬರೆದುಕೊಟ್ಟ ಪ್ರಶ್ನೆಗಳನ್ನು ಕೇಳಿ, ಕಣ್ಣುಗಳೆರಡೂ ಸರಿಯಾಗಿವೆಯೋ ಎಂದು ಕನ್ನಡಿಯಲ್ಲಿ ನೋಡುವನು. ಇಬ್ಬರನ್ನು ಡಾಕ್ಟರರ ಕಡೆಗೆ ಕಳಿಸಿದ್ದಾನೆ. ಇಬ್ಬರಿಗೂ ಏನೂ ಇರಲಿಲ್ಲ. ಅದರಲ್ಲೊಬ್ಬನು ಡಾಕ್ಟರರ ಫೀಯನ್ನು ಇವನಿಂದಲೇ ಕೇಳಿದನಂತೆ.

ಕಳೆದ ತಿಂಗಳು ಹುಡುಗನು ಧಾರವಾಡಕ್ಕೆ ಬಂದವನು ತಾನಾಗಿಯೇ ಆ ಅಂಗಡಿಗೆ ಹೋಗೋಣವೆಂದನು. ನಾನು ಬೇಡವೆಂದೆನು, ಕೇಳಲಿಲ್ಲ. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತೆನು. ಕ್ಷೌರವು ಮುಗಿಯಿತು. ಎಣ್ಣೆಯಾಯಿತು. ಬಹಳ ದಿನಗಳ ರೂಢಿಯಿಂದ ಅವನ ಎಡಗೈ ಹುಡುಗನ ಗದ್ದದ ಕೆಳಗೆ ಹೋಗಿ ಕ್ಷಣಕಾಲ ನಿಂತಿತು. ಕನ್ನಡಿಯಲ್ಲಿ ಮೂವರ ಕಣ್ಣುಗಳೂ ಕೂಡಿದುವು. ಅವನು ಕೈಯನ್ನು ತೆಗೆದು, ಹೆಗಲ ಮೇಲಿನ ಬಟ್ಟೆಯನ್ನು ಬಿಡಿಸಿ, ಕೂದಲು ಝಾಡಿಸಿ, ನಾಲ್ಕು ಮಡಿಕೆಯಾಗಿ ಮಡಚಿಟ್ಟನು.

ದಾರಿಯಲ್ಲಿ ಹುಡುಗನು ಬಲಗೈಯ ಜೋಮಿನ ಬೆರಳುಗಳನ್ನು ತಿಕ್ಕಿಕೊಳ್ಳುತ್ತ, "ಮಾಮಾ, ಅಂವಾ ನನ್ನ ತಲಿ ಮುಟ್ಟಲಿಕ್ಕೆ ಅಂಜತಾನ" ಎಂದನು.